ಮಣ್ಣು ಮಾಡಿದ್ದಕ್ಕೆ ಬಿಲ್ಲು

ದೊಡ್ಡಪ್ಪ ಕಾರು ಓಡಿಸುತ್ತಿದ್ದಾಗಲೇ ತೀರಿಕೊಂಡರು. ಪಕ್ಕದ ಸೀಟಿನಲ್ಲಿ ನಾನಿದ್ದೆ. ಕಂಡವನು ನಾನೊಬ್ಬನೇ. ಇದರಿಂದ ನನಗೆ ಬಂದ ಮರ್ಯಾದೆ ಎಂಥದ್ದೆಂದರೆ, ಮಾರನೆಯ ದಿನ ಮಣ್ಣು ಮಾಡುವವರೆಗೂ ನನ್ನನ್ನು ಅವರ ಮನೆಯ ಜಗಲಿಯಿಂದ ಏಳಗೊಡಲಿಲ್ಲ. ಕೊಣನೂರಿನ ಕಡೆಯಿಂದ ಒಂದು ಗುಂಪು ಬರುತ್ತಿತ್ತು. ಹೆಂಗಸರು ಒಳಗೆ ಹೋಗಿ ದೊಡ್ಡಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದರು, ಗಂಡಸರು ಟವೆಲ್ ಕೊಡವಿಕೊಂಡು ನನ್ನ ಎದುರು ಕೂರುತ್ತಿದ್ದರು. "ಎಂಗಾಯ್ತಪ್ಪಾ?" ನಾನು ಮೊದಲಿನಿಂದ ಹೇಳಬೇಕು. ಮುಗಿಯುವ ಹೊತ್ತಿಗೆ ಅರಕಲಗೂಡಿನವರು ಇಳಿಯುತ್ತಿದ್ದರು. "ಎಂಗಾಯ್ತು?" ಮತ್ತೆ ಮೊದಲಿನಿಂದ. ನಮ್ಮ ಕಡೆ ಸಾವನ್ನು ಕಂಡವನು ಬಂದವರಿಗೆಲ್ಲ ಹೇಳಲೇಬೇಕು, ಅದೂ ಪ್ರತಿ ಸಲ ಆಗತಾನೇ ಕಂಡುಬಂದವನಂತೆ ಹೇಳಬೇಕು. ಚುಟುಕಾಗಿ ಮುಗಿಸಿದರೆ ಅಷ್ಟು ದೂರದಿಂದ ಬಂದವರಿಗೆ ಅವಮಾನ.

ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡುವಾಗ, ಮನುಷ್ಯ ನೆನಪು ಎಂದುಕೊಳ್ಳುವುದರಲ್ಲಿ ಬಹುಪಾಲು ಆಮೇಲೆ ಸೇರಿಸಿದ್ದು ಎಂದು ಪುಟಗಟ್ಟಲೆ ಓದಿದ್ದೆ. ಅದು ನನ್ನ ಬಾಯಲ್ಲೇ ನಡೆಯುವುದನ್ನು ಆ ಜಗಲಿಯ ಮೇಲೆ ಕಂಡೆ. "ನಾಯಿ ಗೀಯಿ ಅಡ್ಡ ಬಂತಾ?" ಎಂದು ಒಬ್ಬ ಮುದುಕ ಕೇಳಿದ. ನನಗೆ ಸುಸ್ತಾಗಿತ್ತು, "ಬಂದಿರಬಹುದು" ಎಂದೆ. ಮುಂದಿನ ಗುಂಪಿಗೆ ನಾಯಿ ಬಂದೇ ಬಂದಿತ್ತು. ಅದರ ಮುಂದಿನವರಿಗೆ, ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಕೂತವನು "ಕರೀ ನಾಯಿ ಕಣಣ್ಣಾ" ಎಂದು ಸೇರಿಸಿದ. ನಾನು ತಲೆ ಆಡಿಸಿದೆ. ಹೆಣ ಎತ್ತುವ ಹೊತ್ತಿಗೆ ಆ ನಾಯಿ ನನಗೆ ಸ್ಪಷ್ಟವಾಗಿ ಕಾಣಿಸುತ್ತಿತ್ತು. ಒಂದು ಕಿವಿ ಮಡಚಿಕೊಂಡಿತ್ತು.

ನಾಯಿಯನ್ನು ಬಿಟ್ಟರೆ ನನಗೆ ಗೊತ್ತಿರುವುದು ಇಷ್ಟು. ಹೊಳೆನರಸೀಪುರದಲ್ಲಿ ದೊಡ್ಡಮ್ಮನ ತಮ್ಮ ಹೊಸ ಮನೆ ಕಟ್ಟಿಸಿದ್ದ. ಅವನನ್ನು ನಾನೂ ಮಾವ ಎಂದೇ ಕರೆಯುವುದು. ಅವನ ಮನೆಯ ಗೃಹಪ್ರವೇಶಕ್ಕೆ ಹೋಗಿ, ಹೋಳಿಗೆ ತಿಂದು, ಮಧ್ಯಾಹ್ನ ನಾನು ಮತ್ತು ದೊಡ್ಡಪ್ಪ ವಾಪಸು ಹೊರಟಿದ್ದೆವು. ದೊಡ್ಡಮ್ಮ ತವರಿನಲ್ಲಿ ಒಂದು ದಿನ ಉಳಿಯುತ್ತೇನೆಂದು ಅಲ್ಲೇ ನಿಂತರು. ಕಾರು ದೊಡ್ಡಪ್ಪನ ಮಗನದು. ಅವನು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಕುದುರಿ ದೊಡ್ಡ ಕಾರು ತೆಗೆದುಕೊಂಡ ಮೇಲೆ ಹಳೆಯದನ್ನು ಅಪ್ಪನಿಗೆ ಬಿಟ್ಟಿದ್ದ, ಕಾಗದದಲ್ಲಿ ಹೆಸರು ಬದಲಾಯಿಸುವ ಗೋಜಿಗೆ ಹೋಗಿರಲಿಲ್ಲ. ದಾರಿಯಲ್ಲಿ ದೊಡ್ಡಪ್ಪ ಮಾವನ ಮನೆಯ ಮೆಟ್ಟಿಲನ್ನು ಬೈಯುತ್ತಿದ್ದರು. ಮೆಟ್ಟಿಲು ಕಡಿದಾಯಿತು, ಮುದುಕರು ಹತ್ತೋದು ಹೇಗೆ, ದುಡ್ಡಿದ್ದರೆ ಬುದ್ಧಿ ಇರಬೇಡವಾ, ಹೀಗೆ. ಆಮೇಲೆ ಗಾಡಿ ಎಡಕ್ಕೆ ವಾಲಿತು. ಹುಣಸೆಮರ ಹತ್ತಿರ ಬಂತು. ದೊಡ್ಡಪ್ಪನ ಕೈ ಎದೆಯ ಮೇಲಿತ್ತು. ಇವುಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿತ್ತೋ ಏನೋ, ಆ ಜಗಲಿಗೆ ಹೋಗುವ ಮುಂಚೆ.

ಗುದ್ದಿದ್ದು ಜೋರಾಗೇನೂ ಅಲ್ಲ. ಒಂದು ಲ್ಯಾಂಪು ಒಡೆಯಿತು, ಬಂಪರ್ ಬಾಗಿತು. ದೊಡ್ಡಪ್ಪನ ಹಣೆ ಸ್ಟೀರಿಂಗಿಗೆ ತಾಗಿ ಊದಿಕೊಂಡಿತ್ತು. ಹಾಲಿನ ವ್ಯಾನಿನವರು ಎತ್ತಿ ಕೂರಿಸಿ, ದಾರಿಯಲ್ಲಿ ಸಿಕ್ಕ ಒಂದು ನರ್ಸಿಂಗ್ ಹೋಮಿಗೆ ಮುಟ್ಟಿಸಿದರು. ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ನನ್ನ ಫೋನು ಹೋದ ತಕ್ಷಣ ಅಣ್ಣ, ಎಂದರೆ ದೊಡ್ಡಪ್ಪನ ಮಗ, ಮತ್ತು ಮಾವ ಇಬ್ಬರೂ ಗೃಹಪ್ರವೇಶದ ಊಟದ ಕೈ ತೊಳೆದು ಓಡಿಬಂದರು.

ಡಾಕ್ಟರು ಹಣೆಯ ಊತ ನೋಡಿ, "ಗಾಡಿ ಗುದ್ದಿದ್ರಾ? ಆಕ್ಸಿಡೆಂಟ್ ಅಂದ್ರೆ ಪೊಲೀಸ್‌ಗೆ ತಿಳಿಸ್ಬೇಕು. ಪೋಸ್ಟ್‌ಮಾರ್ಟಂ ಆಗ್ಬೇಕು" ಎಂದರು.

"ಆಕ್ಸಿಡೆಂಟ್ ಎಲ್ಲಿ ಸಾ?" ಎಂದ ಅಣ್ಣ, ತಕ್ಷಣ. "ಎದೆನೋವು. ಗಾಡಿ ಅದರ ಪಾಡಿಗೆ ಓಗಿ ನಿಂತೈತೆ ಅಷ್ಟೇ."

"ಕೊಯ್ಸಬ್ಯಾಡಿ ಸಾ," ಎಂದ ಮಾವ, ಕೈ ಮುಗಿದು. "ನಮ್ಮ ವಂಶದಲ್ಲೇ ಯಾರ್ನೂ ಕೊಯ್ಸಿಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ಎದೆ ಹಿಡ್ಕೊಂಡಿದ್ರು" ಎಂದೆ. ಅದು ನಿಜ. ಅಷ್ಟು ಸಾಕಾಯಿತು ಅವರಿಗೆ. ಎದೆನೋವು, ಬರುವಷ್ಟರಲ್ಲಿ ಸಾವು ಎಂದು ಬರೆದುಕೊಟ್ಟರು. ಮನೆಗೆ ತಂದು ಸ್ನಾನ ಮಾಡಿಸಿ ಕೂರಿಸಿದಾಗ ಅಣ್ಣ ತಾನೇ ಪೇಟ ಕಟ್ಟಿ, ಊತ ಕಾಣದ ಹಾಗೆ ಹುಬ್ಬಿನವರೆಗೂ ಎಳೆದ. ಬದುಕಿದ್ದಾಗ ದೊಡ್ಡಪ್ಪ ಪೇಟ ಕಟ್ಟಿದವರಲ್ಲ. ಹೊಸ ಮದುಮಗನ ಹಾಗೆ ಕಾಣುತ್ತಾರೆ ಎಂದು ಬಂದವರೆಲ್ಲ ಹೊಗಳಿದರು.

ತೋಟದ ಅಂಚಿನಲ್ಲಿ ಮಣ್ಣು ಮಾಡಿದೆವು. ಅದಕ್ಕೆ ಏನು ಖರ್ಚಾಯಿತು ಎಂದು ಕೇಳಿದರೆ ಆವತ್ತು ಯಾರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಬಿದಿರು ಯಾರದೋ ಮೆಳೆಯಿಂದ ಬಂತು. ಗುಂಡಿ ತೆಗೆದವರು ಊರಿನ ನಾಲ್ಕು ಜನ, ಅವರಿಗೆ ಟೀ, ಬೀಡಿ. ಹೆಣದ ಮೇಲೆ ಹೊದಿಸುವ ಬಟ್ಟೆ ಹೆಂಡತಿಯ ತವರಿನಿಂದ ಬರಬೇಕು. ಅದನ್ನು ಮಾವ ತಂದ. ಉಪ್ಪು, ವಿಭೂತಿ, ಊದುಬತ್ತಿ ಊರಿನ ಅಂಗಡಿಯಿಂದ. ಸಾವಿನ ಸಾಮಾನಿಗೆ ನಮ್ಮಲ್ಲಿ ಚೌಕಾಸಿ ಮಾಡುವುದಿಲ್ಲ, ರಸೀದಿ ಕೇಳುವುದಿಲ್ಲ. ಕೊಟ್ಟವನು ಬೆಲೆ ಹೇಳುವುದಿಲ್ಲ, "ಮತ್ತೆ ಬನ್ನಿ" ಎಂದು ಬಾಯಿ ತಪ್ಪಿಯೂ ಅನ್ನುವುದಿಲ್ಲ. ನಾನು ನಮ್ಮ ಜನರ ಹೆಚ್ಚಿನ ಆಚಾರಗಳನ್ನು ಗೇಲಿ ಮಾಡಿಕೊಂಡೇ ಬಂದವನು. ಇದೊಂದನ್ನು ಗೇಲಿ ಮಾಡಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಹನ್ನೊಂದನೆಯ ದಿನ ತಿಥಿ. ಬಾಡೂಟ. ಅರಕಲಗೂಡಿನ ವಿಮಾ ಏಜೆಂಟನೊಬ್ಬ, ದೊಡ್ಡಪ್ಪನನ್ನು ಜೀವಮಾನದಲ್ಲಿ ಎರಡು ಸಲವಾದರೂ ನೋಡಿದ್ದನೋ ಇಲ್ಲವೋ, ಮೊದಲ ಪಂಕ್ತಿಯಲ್ಲೇ ಕೂತಿದ್ದ. ಎಲೆ ಮಡಚುವ ಮುಂಚೆ ಅಣ್ಣನನ್ನು ಕರೆದ.

"ಅಣ್ಣಾ, ಓದ್ಸಲ ಕಾರಿನ ಪಾಲಿಸಿ ರಿನೀವಲ್ ಮಾಡ್ದಾಗ ನಾನೇ ಸೇರ್ಸಿದ್ನಲ್ಲ, ಗ್ಯಾಪ್ಕ ಐತಾ? ಕಾರಲ್ಲಿ ಕೂತಿದ್ದೋರು ಯಾರೇ ಆಗ್ಲಿ, ಆಕ್ಸಿಡೆಂಟಲ್ಲಿ ಓದ್ರೆ ಅಂತ್ಯಕ್ರಿಯೆ ಖರ್ಚು ಕಂಪನೀದು."

"ಅಂಗಂದ್ರೆ?"

"ಮಣ್ಣು ಮಾಡಿದ್ ಖರ್ಚು ಕೊಡ್ತಾರೆ. ಬಿಲ್ ಇಟ್ರೆ ಸಾಕು."

"ಇದಾ?" ಎಂದು ಅಣ್ಣ ಪಂಕ್ತಿಯ ಕಡೆ ಕೈ ತೋರಿಸಿದ.

"ಬಾಡಿಂದು ಬರಾಕಿಲ್ಲ," ಎಂದ ಏಜೆಂಟ್, ಮೂಳೆ ಬದಿಗಿಟ್ಟು. "ಅದು ಸಂತೋಷಕೂಟ ಅಂತಾರೆ ಕಂಪನಿಯೋರು."

ದೊಡ್ಡ ಮೊತ್ತದ ಇನ್ನೊಂದು ಪರಿಹಾರ ಅದೇ ಪಾಲಿಸಿಯಲ್ಲಿ ಇತ್ತಂತೆ. ಆದರೆ ಅದು ಕಾರಿನ ಮಾಲೀಕ ತಾನೇ ಓಡಿಸುವಾಗ ಸತ್ತರೆ ಮಾತ್ರ. ಇಲ್ಲಿ ಮಾಲೀಕ ಗಟ್ಟಿಮುಟ್ಟಾಗಿ ನಿಂತು ಬಡಿಸುತ್ತಿದ್ದ. ಉಳಿದದ್ದು ಈ ಮಣ್ಣಿನ ಖರ್ಚು. ಏಜೆಂಟ್ ಹೇಳಿದ ಗರಿಷ್ಠ ಮಿತಿಯಲ್ಲಿ ಆವತ್ತಿನ ಮಟನ್ ಕೂಡ ಬರುತ್ತಿರಲಿಲ್ಲ. ಅಣ್ಣ ಒಂದು ಲೋಡು ಕೊಬ್ಬರಿಯಲ್ಲಿ ಅದಕ್ಕಿಂತ ಹೆಚ್ಚು ಕೈ ಬಿಡುತ್ತಾನೆ. ಆದರೂ ಅವನ ಮುಖದಲ್ಲಿ, ತಿಥಿಯ ದಿನ, ಒಂದು ಕಳೆ ಬಂತು. "ವರ್ಷ ವರ್ಷ ಕಟ್ಟಿದೀವಲ್ಲ. ಬುಡಾದ್ಯಾಕೆ?" ಎಂದ. ಆಮೇಲೆ ಮುಂದಿನ ಪಂಕ್ತಿಗೆ ಬಡಿಸುತ್ತಾ ಬಡಿಸುತ್ತಾ ಎಲ್ಲರಿಗೂ ಹೇಳಿದ, ಅಪ್ಪನ ಮಣ್ಣಿನ ಖರ್ಚು ಕಂಪನಿಯಿಂದ ಬರುತ್ತದೆಂದು. ಊರಿನಲ್ಲಿ ಇದುವರೆಗೆ ಯಾರಪ್ಪನಿಗೂ ಬಂದಿರಲಿಲ್ಲ.

ಅಲ್ಲಿಂದಾಚೆಗೆ ಆ ಊರಿನ ನೆನಪಿಗೆ ಏನಾಯಿತೆಂಬುದನ್ನು ಮನಶ್ಶಾಸ್ತ್ರದವರು ಬಂದು ನೋಡಬೇಕಿತ್ತು. ತಿಥಿಯ ಹಿಂದಿನ ದಿನದವರೆಗೂ ದೊಡ್ಡಪ್ಪ ಎದೆನೋವಿನಿಂದ ಸತ್ತಿದ್ದರು. ಎಲ್ಲರೂ ಹಾಗೇ ಅನ್ನುತ್ತಿದ್ದರು, ಪುಣ್ಯಾತ್ಮ, ನರಳದೆ ಹೋದ ಎಂದು. ತಿಥಿಯ ಮಾರನೆಯ ದಿನ ದೊಡ್ಡಪ್ಪ ಅಪಘಾತದಲ್ಲಿ ಸತ್ತರು. ಹಣೆಯ ಊತ ಎಲ್ಲರಿಗೂ ನೆನಪಾಯಿತು. ಪೇಟ ಹಿಂದಕ್ಕೆ ಸರಿಯಿತು. ಒಬ್ಬನಿಗೆ ರಕ್ತವೂ ನೆನಪಾಯಿತು. "ನೀನೇ ಅಂದಿದ್ದೆ ಕಣ್ಲಾ, ಕರೀ ನಾಯಿ ಅಡ್ಡ ಬಂತು ಅಂತ" ಎಂದು ಅಣ್ಣ ನನ್ನ ಮುಂದೆ ನನ್ನದೇ ನಾಯಿಯನ್ನು ತಂದು ನಿಲ್ಲಿಸಿದ. ಇಲ್ಲ ಎನ್ನಲು ಬಾಯಿ ತೆರೆದೆ. ನಾಯಿ ಕಾಣಿಸಿತು, ಮಡಚಿದ ಕಿವಿಯ ಸಮೇತ.

ಬಿಲ್ಲುಗಳ ಕೆಲಸ ಚನ್ನರಾಯಪಟ್ಟಣದಲ್ಲಿ ನಡೆಯಿತು. ಅಲ್ಲಿ ಅಣ್ಣನಿಗೆ ಗುರುತಿನ ಅಂಗಡಿಗಳಿವೆ. ಎಂದೂ ಕೊಳ್ಳದ ಬಟ್ಟೆಗೆ ಒಂದು ಬಿಲ್ಲು, ಎಂದೂ ಉರಿಸದ ಗಂಧದ ಕಟ್ಟಿಗೆಗೆ ಒಂದು, ಎಂದೂ ಹಾಕದ ಶಾಮಿಯಾನಕ್ಕೆ ಒಂದು. ಬಟ್ಟೆಯ ಬಿಲ್ಲಿನ ಕೆಳಗೆ ಅಚ್ಚಾಗಿತ್ತು: ಧನ್ಯವಾದಗಳು, ಮತ್ತೆ ಬನ್ನಿ. ಅಣ್ಣ ಅದನ್ನು ನೋಡಿಯೂ ನೋಡಲಿಲ್ಲ. ಗುಂಡಿಗೆ ಮಣ್ಣು ಅಗೆಯುವ ಯಂತ್ರದವನಿಂದ ಒಂದು ಬಿಲ್ಲು ಬರೆಸಿಕೊಂಡ. ಮಣ್ಣು ಮಾಡುವುದಕ್ಕೂ ಸುಡುವುದಕ್ಕೂ ಎರಡಕ್ಕೂ ಬಿಲ್ಲು ಇಟ್ಟರೆ ಕಂಪನಿಯವರು ಏನಂದುಕೊಳ್ಳುತ್ತಾರೆ ಎಂದು ನಾನು ಕೇಳಿದೆ. "ಹೌದಲ್ಲಾ" ಎಂದು ಕಟ್ಟಿಗೆಯ ಬಿಲ್ಲನ್ನು ಮಾತ್ರ ತೆಗೆದ. ನನ್ನನ್ನು ಮೆಚ್ಚಿಕೊಂಡ ಕೂಡ.

ಹಳ್ಳಿಯಲ್ಲಿ ಏನೂ ಬಚ್ಚಿಡಲಾಗುವುದಿಲ್ಲ. ಗುಂಡಿ ತೆಗೆದ ನಾಲ್ವರಲ್ಲಿ ಒಬ್ಬ ಟೀ ಅಂಗಡಿಯ ಮುಂದೆ ನನ್ನನ್ನು ತಡೆದ. "ಏನ್ ಸಾ, ನಾವು ಬೆವರು ಸುರ್ಸಿ ತಗ್ದ ಗುಂಡೀನ ಮಿಷನ್ನು ತಗೀತು ಅಂತ ಬರ್ಸವ್ರಂತೆ? ನಾವೇನ್ ದುಡ್ಡು ಕೇಳಿದ್ವಾ? ಕೇಳಿದ್ರೆ ಮಿಷನ್ನಿನ ಎಸ್ರು ಬರ್ಸಿ, ಬ್ಯಾಡ ಅನ್ನಲ್ಲ."

ಮಾವನ ಸಿಟ್ಟು ಇನ್ನೂ ದೊಡ್ಡದು. ಅವನು ತಂದ ಬಟ್ಟೆ, ತವರಿನ ಮರ್ಯಾದೆಯ ಬಟ್ಟೆ, ಬೇರೆ ಅಂಗಡಿಯ ಬಿಲ್ಲಾಗಿ ಕಂಪನಿಯ ಖರ್ಚಿಗೆ ಹೋಗಿತ್ತು. ಹೊಳೆನರಸೀಪುರದಿಂದ ಫೋನು ಮಾಡಿ ಅಣ್ಣನಿಗೆ ಅಂದ, ನಾನು ಪಕ್ಕದಲ್ಲೇ ಇದ್ದೆ, ಸ್ಪೀಕರ್ ಹಾಕಿತ್ತು: "ಏನ್ಲಾ ಸಾವ್ಕಾರ, ನಮ್ಮ ಭಾವನ ಮೇಲೆ ಒದ್ಸಿದ ಬಟ್ಟೆ ಕಂಪ್ನಿಯೋರು ಕೊಡ್ಸಿದ್ದಂತೆ? ಇನ್ನೇನು, ಬಾಯಿಗೆ ನೀರೂ ಅವರೇ ಬುಟ್ರಾ? ನೋಡ್ತಾಯಿರು, ಒಂದು ಪೈಸೆ ಬರಾಕಿಲ್ಲ ನಿಂಗೆ."

"ಬತ್ತದೆ ಮಾವ. ತಂದು ನಿನ್ನ ಮನೆ ಮೆಟ್ಲ ಮೇಲೆ ಎಣಿಸ್ತೀನಿ" ಎಂದು ಅಣ್ಣ ಫೋನು ಇಟ್ಟ.

ಇಲ್ಲಿಗೆ ದುಡ್ಡಿನ ಮಾತು ಮುಗಿಯಿತು. ಮುಂದಿನದೆಲ್ಲ ಇಬ್ಬರು ಗಂಡಸರ ಮೀಸೆಯ ಮಾತು.

ಕಂಪನಿಯವರು ಬಿಲ್ಲುಗಳನ್ನು ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದರು. ಅಪಘಾತದ ಸಾವು ಎಂದಿದ್ದೀರಿ, ಪೊಲೀಸ್ ವರದಿ ಎಲ್ಲಿ, ಪೋಸ್ಟ್‌ಮಾರ್ಟಂ ಎಲ್ಲಿ? ಅಣ್ಣ ಠಾಣೆಗೆ ಹೋಗಿ, ಅಪ್ಪ ಅಪಘಾತದಲ್ಲಿ ತೀರಿಕೊಂಡರೆಂದು ಅರ್ಜಿ ಕೊಟ್ಟ. ದುಃಖದಲ್ಲಿ ಆಗ ತಿಳಿಸಲಾಗಲಿಲ್ಲ ಎಂದು ಸೇರಿಸಿದ. ಅಲ್ಲಿದ್ದವರು ಸಾವಧಾನವಾಗಿ ಓದಿ ಹೇಳಿದರಂತೆ: ಎದೆನೋವು ಎಂದು ಬರೆದ ಚೀಟಿ ಇದೆ, ನೀವು ಅಪಘಾತ ಅನ್ನುತ್ತೀರಿ. ಕಂಡವರ ಹೇಳಿಕೆ ನೋಡೋಣ. ಅವರೂ ಅಪಘಾತ ಅಂದರೆ, ತಹಸೀಲ್ದಾರರನ್ನು ಕರೆಸಿ, ಗುಂಡಿ ತೆಗೆದು, ದೇಹ ಹೊರಗೆ ತಂದು ಪರೀಕ್ಷೆ ಮಾಡಿಸಬೇಕಾಗುತ್ತದೆ.

ಹೂಳಿದ ಖರ್ಚನ್ನು ವಸೂಲು ಮಾಡಲು ಹೂಳಿದ್ದನ್ನು ತೆಗೆಯಬೇಕು. ಇದನ್ನು ನಾನು ಅಣ್ಣನಿಗೆ ಬಿಡಿಸಿ ಹೇಳಿದೆ. ಅವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ಕಾನೂನು ಅಂದ್ಮೇಲೆ ಅಂಗೇಯ" ಎಂದ. ಕೊಯ್ಯಿಸಬಾರದು ಎಂದು ನರ್ಸಿಂಗ್ ಹೋಮಿನಲ್ಲಿ ಆಕ್ಸಿಡೆಂಟೇ ಅಲ್ಲ ಎಂದು ಮೊದಲು ಬಾಯಿ ಹಾಕಿದವನು ಇವನೇ.

ದೊಡ್ಡಮ್ಮನಿಗೆ ಹೇಳುವ ಕೆಲಸಕ್ಕೆ ಅಣ್ಣ ನನ್ನನ್ನೂ ಕರೆದುಕೊಂಡು ಹೋದ, ಓದಿದವನು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆಂದು. ದೊಡ್ಡಮ್ಮ ಹಿತ್ತಿಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

"ಬರೀ ಒಂದು ಗಂಟೆ ಕೆಲ್ಸ ಕಣಮ್ಮ. ತಗೀತಾರೆ, ನೋಡ್ತಾರೆ, ಮುಚ್ತಾರೆ. ಸಾಯೇಬ್ರೇ ಬಂದು ನಿಂತಿರ್ತಾರೆ. ಮರ್ಯಾದೆಯಿಂದ್ಲೇ ಮಾಡ್ತಾರೆ."

ದೊಡ್ಡಮ್ಮ ಕೈ ನಿಲ್ಲಿಸಿದರು. "ಏನ್ ನೋಡ್ತಾರೆ?"

"ಎಂಗೆ ಸತ್ರು ಅಂತ."

"ನಿಮ್ಮಪ್ಪ ಏನು ಆಲೂಗೆಡ್ಡೆನಾ ಕಣ್ಲಾ, ಬಲ್ತೈತಾ ಅಂತ ಕಿತ್ತು ನೋಡಾಕೆ?"

"ಅಂಗಲ್ಲಮ್ಮಾ..."

"ಎಂಗಲ್ಲ? ಮಣ್ಣಿಗಿಟ್ಟು ಎಷ್ಟು ದಿನ ಆಯ್ತು, ಯೋಚ್ನೆ ಮಾಡಿದ್ಯಾ? ಅಪ್ಪನ್ನ ಆ ಗತೀಲಿ ಊರಿನ್ ಮುಂದೆ ಮನಗುಸ್ತೀಯಾ? ನೋಡಾಕೆ ಜನ ಬರಾಕಿಲ್ವಾ? ಬತ್ತಾರೆ, ಕಡ್ಲೇಪುರಿ ತಿನ್ಕಂಡು ನೋಡ್ತಾರೆ." ಅಷ್ಟು ಹೇಳಿ ನನ್ನ ಕಡೆ ತಿರುಗಿದರು. "ಅವ್ನು ನನ್ ಮಾತು ಕೇಳಾಕಿಲ್ಲ, ಅವ್ನಿಗೂ ಅವ್ನ ಮಾವನಿಗೂ ಬಿದ್ದೈತೆ. ನೀನು ಓದ್ದೋನು. ದುಡ್ಡು ಬರ್ಲಿ, ಬುಡ್ಲಿ, ನಂಗೆ ಬ್ಯಾಡ. ತ್ವಾಟದಲ್ಲಿ ಅವ್ರ ಮಣ್ಣು ಯಾರೂ ಮುಟ್ಟಬಾರ್ದು. ಅದೊಂದು ನೋಡ್ಕ."

ಅಣ್ಣ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, "ಹೆಂಗಸ್ರು. ಆಮೇಲೆ ಸರಿ ಓಯ್ತದೆ" ಎಂದ. ಕಾರು ಹತ್ತಿದ ಮೇಲೆ ನನಗೆ ಪಾಠ ಶುರು ಮಾಡಿದ. ನಾಯಿ ಅಡ್ಡ ಬಂತು. ಅಪ್ಪ ಎಡಕ್ಕೆ ಎಳೆದರು. ಮರಕ್ಕೆ ಗುದ್ದಿತು. ಎದೆ ಸ್ಟೀರಿಂಗಿಗೆ ಬಡಿಯಿತು, ಅದಕ್ಕೇ ಎದೆ ಹಿಡಿದುಕೊಂಡರು. "ಎಲ್ಲಾ ನೀನು ಏಳಿದ್ದೇ. ನಾನೇನೂ ಸೇರ್ಸಿಲ್ಲ." ಎದೆ ಬಡಿಯಿತೆಂದು ನಾನು ಎಂದೂ ಹೇಳಿರಲಿಲ್ಲ. ಆದರೆ ಅರಕಲಗೂಡು ದಾಟುವ ಹೊತ್ತಿಗೆ, ಖಂಡಿತವಾಗಿ ಹೇಳಿರಲಿಲ್ಲವೇ ಎಂಬ ಅನುಮಾನ ನನಗೇ ಶುರುವಾಗಿತ್ತು. ಅಷ್ಟು ಜನಕ್ಕೆ ಅಷ್ಟು ಸಲ ಹೇಳಿದ್ದೇನೆ.

ಕೆಲವು ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ನಾನು ಇರುವುದು ಹಾಸನದಲ್ಲಿ. ಕೆಲಸ ಮುಗಿದ ಮೇಲೆ ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಆ ಹುಣಸೆಮರದ ಹತ್ತಿರ ಇಳಿದು ನಿಂತೆ. ಜಾಗ ನೋಡಿದರೆ ನೆನಪಾಗಬಹುದು ಎಂಬ ಆಸೆ. ಮರದ ತೊಗಟೆ ಒಂದು ಕಡೆ ಕಿತ್ತಿತ್ತು. ಅದರಲ್ಲಿ ಬಿಳಿ ಬಣ್ಣ ಅಂಟಿತ್ತು. ನಮ್ಮ ಕಾರು ಬೂದು. ಅಂದರೆ ಆ ಮರಕ್ಕೆ ಬೇರೆಯವರೂ ಗುದ್ದಿದ್ದಾರೆ, ಅಥವಾ ನಾನು ನಿಂತದ್ದೇ ಬೇರೆ ಮರ. ಆ ರಸ್ತೆಯುದ್ದಕ್ಕೂ ಹುಣಸೆಮರಗಳೇ. ಆಟೋದವನು, "ಏನ್ ಸಾ, ಮರ ಕೊಂಡ್ಕತೀರಾ?" ಎಂದ. ಇಲ್ಲ ಎಂದು ವಾಪಸು ಬಂದೆ.

ಕಂಪನಿಯ ಪರವಾಗಿ ವಿಚಾರಣೆ ಮಾಡುವವನು ಹಾಸನದಲ್ಲಿ ನನ್ನನ್ನು ಒಂದು ಹೋಟೆಲಿಗೆ ಕರೆದ. ಐವತ್ತು ದಾಟಿದ, ನೀಟಾಗಿ ಕ್ರಾಪು ಬಾಚಿದ, ಇಂಥ ಸಾವುಗಳನ್ನು ಕೇಳಿ ಕೇಳಿ ಹೊಟ್ಟೆ ತುಂಬಿಸಿಕೊಂಡ ಮನುಷ್ಯ. ಕಾಫಿ ಹೇಳಿ, ಫೋನನ್ನು ರೆಕಾರ್ಡಿಗೆ ಹಾಕಿ ಮೇಜಿನ ಮೇಲಿಟ್ಟ.

"ಸಿಂಪಲ್ ಸಾರ್. ಮೊದಲು ಎದೆನೋವಾ, ಮೊದಲು ಮರಾನಾ?"

ನಾನು ನನ್ನ ಓದಿಗೆ ತಕ್ಕ ಹಾಗೆ ಶುರು ಮಾಡಿದೆ. ಕ್ಷಣಾರ್ಧದಲ್ಲಿ ನಡೆದದ್ದನ್ನು ಮನಸ್ಸು ಆಮೇಲೆ ಜೋಡಿಸಿಕೊಳ್ಳುತ್ತದೆ, ಜೋಡಿಸುವಾಗ ಕೇಳುವವರ ಮುಖ ನೋಡಿಕೊಂಡು ಜೋಡಿಸುತ್ತದೆ, ಸಾವಿನ ಮನೆಯಲ್ಲಿ ನನ್ನಿಂದ ಹತ್ತಾರು ಸಲ ಹೇಳಿಸಿದ್ದಾರೆ, ಆದ್ದರಿಂದ ಈಗ ನನಗಿರುವುದು ಘಟನೆಯ ನೆನಪಲ್ಲ, ಹೇಳಿದ ಮಾತಿನ ನೆನಪು. ಅವನು ರೆಕಾರ್ಡು ನಿಲ್ಲಿಸಿದ.

"ಸಾರ್, ನೀವು ಲೆಕ್ಚರರ್ರಾ?"

"ಮುಂಚೆ ಆಗಿದ್ದೆ. ಬಿಟ್ಟೆ."

"ಅದೇ ಅನ್ಕೊಂಡೆ. ನೋಡಿ, ನಿಮಗೆ ನೇರವಾಗಿ ಹೇಳ್ತೀನಿ. ಮರ ಮೊದಲು ಅಂದ್ರೆ ಅಪಘಾತ. ಠಾಣೆಯವರು ನಿಮ್ಮ ಹೇಳಿಕೆಗೇ ಕಾಯ್ತಿದ್ದಾರೆ, ಗುಂಡಿ ತೆಗೆಸ್ತಾರೆ. ಗೊತ್ತಿಲ್ಲ ಅಂದ್ರೂ ಅದೇ. ಅನುಮಾನ ಇದೆ, ಪರೀಕ್ಷೆ ಆಗ್ಲಿ ಅಂತ ನಾನೇ ಬರೀಬೇಕಾಗುತ್ತೆ. ಎದೆನೋವು ಮೊದಲು ಅಂದ್ರೆ ಡಾಕ್ಟರ ಚೀಟಿಗೂ ತಾಳೆ ಆಗುತ್ತೆ, ಫೈಲ್ ಕ್ಲೋಸ್. ನಿಮ್ಮ ಅಣ್ಣನಿಗೆ ದುಡ್ಡಿಲ್ಲ ಅಷ್ಟೆ. ದುಡ್ಡೂ ಏನು ಮಹಾ? ನನ್ನ ಓಡಾಟಕ್ಕೇ ಕಂಪನಿ ಅಷ್ಟು ಖರ್ಚು ಮಾಡಿದೆ."

ಜೀವನವೆಲ್ಲ ನಾನು ಮರ್ಯಾದೆ ಕೊಟ್ಟುಕೊಂಡು ಬಂದದ್ದು 'ಗೊತ್ತಿಲ್ಲ' ಎಂಬ ಒಂದು ಮಾತಿಗೆ. ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೇವರನ್ನು ಕಂಡವರು, ಹಿಂದಿನ ಜನ್ಮ ಕಂಡವರು, ಸಾವಿನ ಮನೆಯಲ್ಲಿ ಪಕ್ಕದವನ ಕಥೆಗೆ ನಾಯಿ ಸೇರಿಸುವವರು, ಎಲ್ಲರೂ ಒಂದೇ ಜಾತಿ. ಆ ಹೋಟೆಲಿನಲ್ಲಿ ನನ್ನ ಬಾಯಿಂದ ಹೊರಡಬಹುದಾಗಿದ್ದ ಒಂದೇ ಪ್ರಾಮಾಣಿಕ ಮಾತು ಸಲಿಕೆ ಹಿಡಿದು ನೇರ ದೊಡ್ಡಮ್ಮನ ತೋಟಕ್ಕೆ ಹೋಗುತ್ತಿತ್ತು. ನನ್ನ ಪ್ರಾಮಾಣಿಕತೆಯ ಮೇಲೆ ನನಗೆ ಹುಟ್ಟಿದ ತಾತ್ಸಾರವನ್ನು ಹೇಗೆ ಹೇಳುವುದು? ಅದು ಅಣ್ಣನ ಬಿಲ್ಲುಗಳಿಗಿಂತ ಏನೂ ಮೇಲಲ್ಲ ಎನ್ನಿಸಿತು. ಅವನಿಗೆ ಅವನ ಮಾತು ನಿಲ್ಲಬೇಕು, ನನಗೆ ನನ್ನ ಅನುಮಾನ ನಿಲ್ಲಬೇಕು. ಇಬ್ಬರಿಗೂ ಖರ್ಚು ದೊಡ್ಡಪ್ಪನ ಮೈ.

"ರೆಕಾರ್ಡ್ ಹಾಕಿ" ಎಂದೆ.

ಹೇಳಿದೆ. ದೊಡ್ಡಪ್ಪ ಮಾತಾಡುತ್ತಿದ್ದರು. ಮಾತು ನಿಂತಿತು. ಕೈ ಎದೆಗೆ ಹೋಯಿತು. ಕಣ್ಣು ಮೇಲಾಯಿತು. ಆಮೇಲೆ, ಸ್ವಲ್ಪ ಹೊತ್ತಿನ ಮೇಲೆ, ಕಾಲು ಆಕ್ಸಿಲರೇಟರಿನಿಂದ ಜಾರಿ ಗಾಡಿ ತಾನಾಗಿ ಎಡಕ್ಕೆ ಹೋಗಿ ಮರಕ್ಕೆ ತಾಗಿತು. ನಾಯಿ ಇರಲಿಲ್ಲ. "ಖಂಡಿತಾನಾ?" ಎಂದ. "ಖಂಡಿತ" ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು, ಚೆನ್ನಾಗಿಯೂ ಇತ್ತು. ಎಲ್ಲ ಬರೆದು ಸಹಿ ಮಾಡಿಸಿಕೊಂಡು, ಅವನು ಕಾಫಿಯ ದುಡ್ಡನ್ನೂ ತಾನೇ ಕೊಟ್ಟ. "ಇಷ್ಟು ಸ್ಪಷ್ಟವಾಗಿ ನೆನಪಿಟ್ಕೊಂಡಿರೋ ಸಾಕ್ಷಿ ಸಿಗೋದು ಅಪರೂಪ ಸಾರ್" ಎಂದ. ಗೇಲಿ ಮಾಡಿದನೋ, ಹೊಗಳಿದನೋ ಗೊತ್ತಾಗಲಿಲ್ಲ.

ಅಣ್ಣ ಆಮೇಲೆ ಒಂದೇ ಸಲ ಫೋನು ಮಾಡಿದ. "ಮಾವ ಎಷ್ಟು ಕೊಟ್ನಲಾ?" ಎಂದ. ಇಲ್ಲ ಎಂದು ಹೇಳುವ ಮೊದಲೇ ಇಟ್ಟ. ಅವನ ಲೋಕದಲ್ಲಿ ಮನುಷ್ಯ ಬಾಯಿ ಬಿಡುವುದಕ್ಕೆ ಬೇರೆ ಕಾರಣವೇ ಇಲ್ಲ. ಠಾಣೆಯಲ್ಲಿ ಅವನ ಅರ್ಜಿ ಹಾಗೇ ಮುಗಿಯಿತು. ಕಂಪನಿಯಿಂದ ಸ್ವಾಭಾವಿಕ ಸಾವು, ಪರಿಹಾರಕ್ಕೆ ಅರ್ಹವಲ್ಲ ಎಂದು ಪತ್ರ ಬಂತು. ಊರಿನಲ್ಲಿ ದೊಡ್ಡಪ್ಪ ಮತ್ತೆ ಎದೆನೋವಿನಿಂದ ಸತ್ತರು. ಪುಣ್ಯಾತ್ಮ, ನರಳದೆ ಹೋದ.

ಇಲ್ಲಿಗೆ ಮುಗಿಯಿತು ಎಂದುಕೊಂಡು, ಒಂದು ಭಾನುವಾರ ದೊಡ್ಡಮ್ಮನನ್ನು ನೋಡಲು ಹೋದೆ. ತೋಟದಲ್ಲಿದ್ದರು. ಮಣ್ಣಿನ ದಿಬ್ಬ ಸ್ವಲ್ಪ ಕುಸಿದು ಸಮವಾಗುತ್ತಿತ್ತು, ಅಂಚಿನಲ್ಲಿ ಗರಿಕೆ ಹುಟ್ಟಿತ್ತು. ದೊಡ್ಡಮ್ಮ ಬಿದ್ದ ತೆಂಗಿನ ಗರಿಯನ್ನು ಎಳೆದು ಬದಿಗೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಎದೆನೋವೇ ಮೊದ್ಲು ಅಂತ ಏಳಿದ್ಯಂತೆ. ಒಳ್ಳೇದಾಯ್ತು" ಎಂದರು. ಆಮೇಲೆ, ನನ್ನ ಕಡೆ ನೋಡದೆ, "ಅಂಗಾದ್ರೆ ನೋವು ಬಂದಿದ್ದಕ್ಕೂ ಮರಕ್ಕೆ ತಾಗಿದ್ದಕ್ಕೂ ನಡುವೆ ಒಂಚೂರು ಒತ್ತು ಇತ್ತು, ಅಲ್ವಾ?"

"ಇತ್ತು" ಎಂದೆ. ಇಲ್ಲ ಎನ್ನುವ ಹಾಗಿರಲಿಲ್ಲ. ಸಹಿ ಹಾಕಿದ್ದೆ.

"ಏನಾರಾ ಅಂದ್ರಾ?"

ಇದನ್ನು ನಾನು ಯೋಚಿಸಿರಲಿಲ್ಲ. ನಾನು ಹೋಟೆಲಿನಲ್ಲಿ ಆ ಹೊತ್ತನ್ನು ಉಂಟುಮಾಡಿದ್ದು ಒಂದು ಫೈಲು ಮುಚ್ಚಿಸಲು. ಅದರೊಳಗೆ ದೊಡ್ಡಪ್ಪನನ್ನು ಕೂರಿಸಿದ್ದೆ, ಬಾಯಿ ಇರುವ ಮನುಷ್ಯನನ್ನು. ಈಗ ಅವರ ಹೆಂಡತಿ ತಾನಿಲ್ಲದಾಗ ನಡೆದ ಆ ಹೊತ್ತನ್ನು ಕೇಳುತ್ತಿದ್ದಾರೆ. ಒಂದು ಮಾತು ಸೇರಿಸಿದರೆ ಯಾರಿಗೂ ನಷ್ಟವಿಲ್ಲ. ನಿನ್ನನ್ನು ಕರೆದರು, ಎಂದರೆ ಸಾಕು. ಜಗಲಿಯ ಮೇಲಿನ ಜನ ಇಂಥದ್ದನ್ನು ಕೇಳದೆಯೇ ಕೊಡುತ್ತಿದ್ದರು. ನಾಲಿಗೆಯ ತುದಿಗೆ ಬಂತು ಕೂಡ.

"ಇಲ್ಲ ದೊಡ್ಡಮ್ಮ. ಏನೂ ಅನ್ನಲಿಲ್ಲ."

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದರು. ಅಳುತ್ತಾರೇನೋ ಎಂದುಕೊಂಡೆ. ಅವರ ತುಟಿ ಒಂದು ಕಡೆ ಎಳೆಯಿತು.

"ನಂಗೊತ್ತಿತ್ತು. ಅನ್ನೋ ಪೈಕಿನೇ ಅಲ್ಲ ಬುಡು. ಉಣ್ಣಾಕೆ ಕೂತ್ರೆ ಉಪ್ಪು ಕಮ್ಮಿ ಅನ್ನೋರು, ಅದೊಂದು ಬಾಯಿಗೆ ಬತ್ತಿತ್ತು. ನೀನೇನಾರಾ ಇಂಗಂದ್ರು ಅಂಗಂದ್ರು ಅಂತ ಕತೆ ಕಟ್ಟಿದ್ರೆ, ನಾಕು ಉಗ್ದು ಕಳಿಸ್ತಿದ್ದೆ."

ಗರಿಯ ಇನ್ನೊಂದು ತುದಿ ಹಿಡಿದುಕೋ ಎಂದರು. ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ದಿಬ್ಬದಿಂದ ದೂರ, ಬೇಲಿಯ ಹತ್ತಿರಕ್ಕೆ ಎಳೆದು ಹಾಕಿದೆವು.